‘ಅಂದರೆ ಏನು?’ ಎಂದು ವಾಪಸು ಬರುವ ಪತ್ರಗಳು: ವ್ಯವಹಾರ ಪತ್ರದ ವಾಕ್ಯದೋಷ ಹುಡುಕುವ ಕೈಪಿಡಿ

ಪತ್ರ ಕೆಟ್ಟಿದೆ ಎಂದು ಬರೆದವರಿಗೆ ಗೊತ್ತಾಗುವುದಿಲ್ಲ. ಓದಿದವರಿಂದ ಗೊತ್ತಾಗುತ್ತದೆ. ಫೋನ್ ಬರುತ್ತದೆ, ಇಲ್ಲವೇ ಕೇಳಿದ್ದೊಂದು ಉತ್ತರ ಇನ್ನೊಂದು ಎಂಬಂಥ ಪತ್ರ ಬರುತ್ತದೆ, ಇಲ್ಲವೇ ಏನೂ ಬರುವುದಿಲ್ಲ. ಆಗ ನಾವು ಸಾಮಾನ್ಯವಾಗಿ ಕಷ್ಟದ ಪದಗಳನ್ನು ಹುಡುಕಿ ಬದಲಿಸಲು ಕೂರುತ್ತೇವೆ. ವರ್ಷಗಟ್ಟಲೆ ಕರಡು ತಿದ್ದಿದ ಅನುಭವದಲ್ಲಿ ಹೇಳುತ್ತೇನೆ: ‘ಸದರಿ’, ‘ಪ್ರಯುಕ್ತ’ಗಳಿಂದ ಪತ್ರಕ್ಕೆ ಹಳೇ ವಾಸನೆ ಬರಬಹುದು, ಆದರೆ ಜಗಳ ಹುಟ್ಟುವುದು ಅವುಗಳಿಂದ ಬಹಳ ಕಡಿಮೆ. ದೋಷ ಇರುವುದು ಹೆಚ್ಚಾಗಿ ವಾಕ್ಯದ ಬಾಲದಲ್ಲಿ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಕೂರುತ್ತದೆ. ಯಾರು ಮಾಡಿದ್ದು, ಆಗಿಹೋದದ್ದೋ ಆಗಬೇಕಾದದ್ದೋ, ಹೌದೋ ಇಲ್ಲವೋ, ಇವೆಲ್ಲ ತೀರ್ಮಾನವಾಗುವುದು ಆ ಕೊನೆಯ ನಾಲ್ಕೈದು ಅಕ್ಷರಗಳಲ್ಲಿ. ಅದಕ್ಕೇ ಕೆಳಗಿನ ಬಹುತೇಕ ಪರೀಕ್ಷೆಗಳು ವಾಕ್ಯವನ್ನು ಬಾಲದಿಂದ ಹಿಡಿಯುತ್ತವೆ.

ಕೈ ಹಾಕುವ ಮುನ್ನ

ಮೂಲ ಕರಡಿನ ಒಂದು ಪ್ರತಿಯನ್ನು ಮುಟ್ಟದೆ ಬೇರೆ ಇಡಿ. ತಿದ್ದುವ ಭರದಲ್ಲಿ ದಿನಾಂಕವೋ ಮೊತ್ತವೋ ಬದಲಾದರೆ ಹೋಲಿಸಿ ನೋಡಲು ಅದೊಂದೇ ಆಧಾರ. ಪತ್ರ ಈಗಾಗಲೇ ರವಾನೆಯಾಗಿದ್ದರೆ ಕಡತದಲ್ಲಿರುವ ಪ್ರತಿಯನ್ನು ತಿದ್ದಲೇಬೇಡಿ. ಅದಕ್ಕೆ ದಾರಿ ಬೇರೆ ಇದೆ, ಕೊನೆಯಲ್ಲಿ ಹೇಳಿದ್ದೇನೆ. ಹೆಸರು, ಖಾತೆ ಸಂಖ್ಯೆ, ದರ ಇರುವ ಪತ್ರವನ್ನು ಆನ್‌ಲೈನ್ ಅನುವಾದ ತಾಣಕ್ಕೋ ವ್ಯಾಕರಣ ತಿದ್ದುವ ತಾಣಕ್ಕೋ ಹಾಗೇ ಸುರಿಯಬೇಡಿ. ಬೇಕೇಬೇಕಾದರೆ ಹೆಸರು, ಅಂಕಿ ತೆಗೆದು ಆ ಒಂದು ವಾಕ್ಯವನ್ನಷ್ಟೇ ಹಾಕಿ.

ಕಾಗುಣಿತ ಪರೀಕ್ಷಕವನ್ನು ನಂಬಿ ಕೂರುವುದೂ ಬೇಡ. ಇಲ್ಲಿ ಹೇಳುವ ದೋಷಗಳಲ್ಲಿ ಪ್ರತಿ ಪದವೂ ಸರಿಯಾಗಿಯೇ ಇರುತ್ತದೆ. ಅದು ಕೆಂಪು ಗೆರೆ ಎಳೆಯುವುದಿಲ್ಲ.

ಲಕ್ಷಣ: ‘ಕೊನೆಗೆ ಬರುವಷ್ಟರಲ್ಲಿ ಮೊದಲು ಏನಿತ್ತೋ ಮರೆತೇಹೋಯಿತು’

ಖರ್ಚಿಲ್ಲದ ಪರೀಕ್ಷೆ: ಗಟ್ಟಿಯಾಗಿ ಓದಿ. ಒಂದು ಉಸಿರಿಗೆ ವಾಕ್ಯ ಮುಗಿಯದಿದ್ದರೆ ಅಲ್ಲಿ ಗುರುತು ಹಾಕಿ. ಆಮೇಲೆ ಪೆನ್ಸಿಲ್ ಹಿಡಿದು ಕೊನೆಯ ಕ್ರಿಯಾಪದಕ್ಕೆ ಸುತ್ತು ಹಾಕಿ, ಅದನ್ನು ಮಾಡುವವರು ಯಾರು ಎಂದು ಹುಡುಕಿ ಅಲ್ಲಿಗೊಂದು ಗೆರೆ ಎಳೆಯಿರಿ. ಬಳಿಕ ನಡುವೆ ಬರುವ ‘ಮಾಡಿ’, ‘ನೋಡಿ’, ‘ತಿಳಿಸಿ’, ‘ಇದ್ದು’, ‘ಆಗದೆ’ಗಳಿಗೂ ಹಾಗೆಯೇ ಮಾಡಿ. ಎಲ್ಲ ಗೆರೆಗಳೂ ಒಬ್ಬರಲ್ಲಿಗೇ ಹೋದರೆ ವಾಕ್ಯ ಉದ್ದವಾಗಿದ್ದರೂ ಓಡುತ್ತದೆ. ದಿಕ್ಕಿಗೊಂದು ಹೋದರೆ ರೋಗ ಸಿಕ್ಕಿತು.

ಒಂದನ್ನು ಹತ್ತಿರದಿಂದ ನೋಡೋಣ:

‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಕೋರಿಕೊಳ್ಳುವುದೇನೆಂದರೆ, ನಮ್ಮ ಸಂಸ್ಥೆಯು ತಮ್ಮಿಂದ ಖರೀದಿಸಿದ ಪಂಪುಗಳ ಪೈಕಿ ಮೂರು ಪಂಪುಗಳು ಚಾಲನೆಯಾಗದೆ, ಈ ಬಗ್ಗೆ ತಮ್ಮ ಪ್ರತಿನಿಧಿಗೆ ತಿಳಿಸಿ, ಅವರು ಬಂದು ಪರಿಶೀಲಿಸಿ, ಬದಲಿಸಿಕೊಡುವುದಾಗಿ ಹೇಳಿದ್ದು, ಇದುವರೆಗೂ ಬದಲಿಸದೆ ಇರುವುದರಿಂದ ಕೂಡಲೇ ಸೂಕ್ತ ಕ್ರಮ ಕೈಗೊಳ್ಳಬೇಕೆಂದು ಕೋರುತ್ತೇವೆ.’

ಗೆರೆ ಎಳೆಯಿರಿ. ಚಾಲನೆಯಾಗದಿರುವುದು ಪಂಪು. ತಿಳಿಸಿದ್ದು ನಾವು. ಬಂದು ಪರಿಶೀಲಿಸಿ ಹೇಳಿದ್ದು ಪ್ರತಿನಿಧಿ. ಬದಲಿಸದೆ ಇರುವುದು ಅವರ ಸಂಸ್ಥೆ. ಕೋರುತ್ತಿರುವುದು ಮತ್ತೆ ನಾವು. ಒಂದೇ ದಾರದಲ್ಲಿ ನಾಲ್ಕು ಜನರನ್ನು ಪೋಣಿಸಿದ್ದೇವೆ. ಕನ್ನಡದಲ್ಲಿ ‘ಮಾಡಿ’, ‘ಬಂದು’ ಎಂಬ ರೂಪ ಬಂದರೆ, ಅದನ್ನು ಮಾಡಿದವರೇ ಮುಂದಿನ ಕೆಲಸವನ್ನೂ ಮಾಡುತ್ತಾರೆ ಎಂದು ಓದುವವರು ಸಹಜವಾಗಿ ಎಣಿಸುತ್ತಾರೆ. ‘ಮಳೆ ಬಂದು ರಸ್ತೆ ಹಾಳಾಯಿತು’ ಎನ್ನುವಂಥ ಕಡೆ, ಒಂದು ಇನ್ನೊಂದಕ್ಕೆ ತಾನಾಗಿ ಕಾರಣವಾದಾಗ, ಈ ನಿಯಮ ಸಡಿಲವಾಗುತ್ತದೆ. ಪತ್ರದಲ್ಲಿ ಜನ, ಸಂಸ್ಥೆ ಇದ್ದಾಗ ಸಡಿಲ ಬಿಡಬೇಡಿ. ‘ನಿಮ್ಮ ಪತ್ರ ಓದಿ ಸರಕು ವಾಪಸು ಬಂದಿದೆ’ ಎಂದರೆ ಪತ್ರ ಓದಿದ್ದು ಸರಕು!

ಇನ್ನೊಂದು ದೋಷ ತಲೆಯಲ್ಲೇ ಇದೆ. ‘ಕೋರಿಕೊಳ್ಳುವುದೇನೆಂದರೆ’ ಎಂದು ಶುರು ಮಾಡಿದ ಮೇಲೆ ಕೋರಿಕೆ ಅಲ್ಲೇ ಆಗಿಹೋಯಿತು, ಕೊನೆಯಲ್ಲಿ ಮತ್ತೆ ‘ಕೋರುತ್ತೇವೆ’ ಬೇಡ. ಎರಡರಲ್ಲಿ ಒಂದನ್ನು ತೆಗೆಯಿರಿ. ನಾನು ಯಾವಾಗಲೂ ಮೊದಲನೆಯದನ್ನು ತೆಗೆಯುತ್ತೇನೆ.

ರಿಪೇರಿ: ‘ನಿಮ್ಮಿಂದ ಖರೀದಿಸಿದ ಪಂಪುಗಳಲ್ಲಿ ಮೂರು ಓಡುತ್ತಿಲ್ಲ. ಇದನ್ನು ನಿಮ್ಮ ಪ್ರತಿನಿಧಿಗೆ ತಿಳಿಸಿದ್ದೆವು. ಅವರು ಬಂದು ನೋಡಿ, ಬದಲಿಸಿ ಕೊಡುವುದಾಗಿ ಹೇಳಿದ್ದರು. ಬದಲಿ ಪಂಪುಗಳು ಇನ್ನೂ ಬಂದಿಲ್ಲ. ಅವನ್ನು ಯಾವ ದಿನ ಕಳುಹಿಸುತ್ತೀರಿ ಎಂದು ದಯವಿಟ್ಟು ತಿಳಿಸಿ.’

‘ಬಂದು ನೋಡಿ’ ಉಳಿದುಕೊಂಡಿತು, ಏಕೆಂದರೆ ಎರಡನ್ನೂ ಮಾಡಿದವರು ಒಬ್ಬರೇ. ‘ಸೂಕ್ತ ಕ್ರಮ’ ಹೋಯಿತು. ಸೂಕ್ತ ಕ್ರಮ ಎಂದರೆ ಏನು ಎಂದು ಬರೆದವರಿಗೇ ಗೊತ್ತಿಲ್ಲದಾಗ ಆ ಪದ ಬರುತ್ತದೆ ಎಂಬುದು ನನ್ನ ಗುಮಾನಿ.

ಲಕ್ಷಣ: ‘ಇದನ್ನು ನಾವು ಮಾಡಬೇಕಾ, ನೀವೇ ಮಾಡ್ತೀರಾ?’

ಪತ್ರದಲ್ಲಿ ‘ಲಾಗಿದೆ’, ‘ಲಾಗುವುದು’, ‘ತಕ್ಕದ್ದು’ ಎಂದು ಮುಗಿಯುವ ವಾಕ್ಯಗಳನ್ನೆಲ್ಲ ಗುರುತು ಮಾಡಿ. ಈ ಪ್ರಯೋಗದಲ್ಲಿ ಮಾಡುವವರು ಮರೆಯಾಗುತ್ತಾರೆ. ‘ಅರ್ಜಿಗಳನ್ನು ಸ್ವೀಕರಿಸಲಾಗುವುದು’ ಎಂದರೆ ತೊಂದರೆಯಿಲ್ಲ, ಯಾರು ಸ್ವೀಕರಿಸಿದರೂ ಒಂದೇ. ‘ಸಾಗಣೆ ವೆಚ್ಚವನ್ನು ಭರಿಸಲಾಗುವುದು’ ಎಂದರೆ ಮಾತ್ರ ತೊಂದರೆ. ಯಾರು ಭರಿಸುತ್ತಾರೆ? ಹಣ, ಗಡುವು, ಹೊಣೆ ಇರುವ ವಾಕ್ಯಗಳಲ್ಲಿ ‘ನಾವು’, ‘ನೀವು’ ಎಂದು ಕರ್ತೃವನ್ನು ಎಳೆದು ತಂದು ಕೂರಿಸಿ. ಉಳಿದ ಕಡೆ ‘ಲಾಗಿದೆ’ ಇದ್ದರೆ ಇರಲಿ.

ಜೊತೆಗೇ ಒಂದು ಸಣ್ಣ ತಪ್ಪು ನೋಡಿಕೊಳ್ಳಿ. ‘ಸರಕುಗಳು ಕಳುಹಿಸಲಾಗಿವೆ’ ಸರಿಯಲ್ಲ. ‘ಸರಕುಗಳನ್ನು ಕಳುಹಿಸಲಾಗಿದೆ’ ಎಂದಾಗಬೇಕು. ‘ಲಾಗಿದೆ’ ಇದ್ದಲ್ಲಿ ದ್ವಿತೀಯಾ ವಿಭಕ್ತಿಯ ‘ಅನ್ನು’ ಉಳಿಯುತ್ತದೆ, ಕ್ರಿಯಾಪದ ಏಕವಚನದಲ್ಲೇ ನಿಲ್ಲುತ್ತದೆ. ‘ಸಂಸ್ಥೆಯು ಈ ಮೂಲಕ ತಿಳಿಸುತ್ತೇವೆ’ ಎಂಬುದೂ ಇದೇ ಜಾತಿಯ ತಪ್ಪು: ಸಂಸ್ಥೆಯಾದರೆ ‘ತಿಳಿಸುತ್ತದೆ’, ನಾವಾದರೆ ‘ತಿಳಿಸುತ್ತೇವೆ’.

ಇದಕ್ಕಿಂತ ಅಪಾಯದ್ದು ‘ಬೇಕು’. ‘ನೀವು ಬಾಕಿ ಪಾವತಿಸಬೇಕು’ ಎಂದರೆ ಕೊಡುವವರು ನೀವು. ‘ನಿಮಗೆ ಬಾಕಿ ಪಾವತಿಸಬೇಕು’ ಎಂದರೆ ಪಡೆಯುವವರು ನೀವು. ಒಂದು ವಿಭಕ್ತಿ ಪ್ರತ್ಯಯ ಸಾಲ ತೀರಿಸಬೇಕಾದವರನ್ನು ಸಾಲ ಕೊಟ್ಟವರನ್ನಾಗಿ ಮಾಡಿತು. ‘ನಿಮ್ಮ ಬಾಕಿ’ಯೂ ಹಾಗೆಯೇ. ನಿಮಗೆ ಬರಬೇಕಾದದ್ದೋ, ನೀವು ಕೊಡಬೇಕಾದದ್ದೋ? ಷಷ್ಠಿ ವಿಭಕ್ತಿ ಎರಡಕ್ಕೂ ಸೈ ಎನ್ನುತ್ತದೆ.

ಈ ಗುಂಡಿಗೆ ನಾನೇ ಬಿದ್ದಿದ್ದೇನೆ. ಒಬ್ಬ ಗ್ರಾಹಕರಿಗೆ ‘ನಿಮ್ಮ ಬಾಕಿ ಮೊತ್ತವನ್ನು ತಿಂಗಳ ಕೊನೆಯೊಳಗೆ ಪಾವತಿಸಲಾಗುವುದೆಂದು ನಂಬಿದ್ದೇವೆ’ ಎಂದು ಬರೆದಿದ್ದೆ. ಕರ್ತೃ ಇಲ್ಲ, ‘ನಿಮ್ಮ’ ಎರಡೂ ಕಡೆಗೆ ವಾಲುತ್ತದೆ. ಅವರಿಂದ ಧನ್ಯವಾದ ಹೇಳಿ ಉತ್ತರ ಬಂತು, ಜೊತೆಗೆ ಹಣ ಹಾಕಲು ಅವರ ಖಾತೆ ಸಂಖ್ಯೆ! ಅಂದಿನಿಂದ ‘ನೀವು ನಮಗೆ ಕೊಡಬೇಕಾದ’, ‘ನಾವು ನಿಮಗೆ ಕೊಡಬೇಕಾದ’ ಎಂದೇ ಬರೆಯುತ್ತೇನೆ. ಉದ್ದವಾದರೂ ಪರವಾಗಿಲ್ಲ.

ಅದೇ ಸಾಲಿಗೆ ಸೇರುವುದು ‘ತಮ್ಮ’. ಎದುರಿನವರಿಗೆ ಗೌರವ ಕೊಡುವಾಗ ‘ತಮ್ಮ’ ಎನ್ನುತ್ತೇವೆ. ವಾಕ್ಯದ ಕರ್ತೃವನ್ನೇ ಮತ್ತೆ ಸೂಚಿಸುವಾಗಲೂ ‘ತಮ್ಮ’ ಎನ್ನುತ್ತೇವೆ. ‘ವಿತರಕರು ಹಣವನ್ನು ತಮ್ಮ ಖಾತೆಗೆ ಜಮಾ ಮಾಡಿದ್ದಾರೆ.’ ಯಾರ ಖಾತೆಗೆ? ಮೂರನೆಯವರು ಬರುವ ಪತ್ರದಲ್ಲಿ ಮೊದಲಿನಿಂದ ಕೊನೆವರೆಗೂ ‘ನೀವು’ ಇಟ್ಟುಕೊಳ್ಳಿ. ‘ನೀವು’ ಗೌರವದ ರೂಪವೇ, ಅದರಿಂದ ಯಾರಿಗೂ ಅವಮಾನವಾಗುವುದಿಲ್ಲ. ಅರ್ಧ ಪತ್ರ ‘ತಾವು’, ಉಳಿದರ್ಧ ‘ನೀವು’ ಎಂದು ಮಾತ್ರ ಮಾಡಬೇಡಿ. ಓದುವವರು ಇಬ್ಬರು ಬೇರೆ ಬೇರೆ ಜನ ಎಂದುಕೊಳ್ಳುವ ಸಾಧ್ಯತೆ ಇದೆ.

ಲಕ್ಷಣ: ‘ಒಪ್ಪಿದ್ದೀರೋ ಇಲ್ಲವೋ ತಿಳಿಯಲಿಲ್ಲ’

ಎಲ್ಲ ದೋಷಗಳಲ್ಲಿ ಇದು ದುಬಾರಿ. ಪತ್ರದಲ್ಲಿ ‘ಇಲ್ಲ’, ‘ಅಲ್ಲ’, ‘ಆಗದು’ ಎಲ್ಲೆಲ್ಲಿ ಬರುತ್ತವೋ ಅಲ್ಲಲ್ಲಿ ನಿಂತು ನೋಡಿ.

‘ಪಾವತಿಸಲಾಗುವುದು’, ‘ಪಾವತಿಸಲಾಗದು’. ಮೊದಲನೆಯದು ಕೊಡುತ್ತೇವೆ ಎನ್ನುತ್ತದೆ, ಎರಡನೆಯದು ಆಗುವುದಿಲ್ಲ ಎನ್ನುತ್ತದೆ. ಟೈಪ್ ಮಾಡುವಾಗ ನಡುವಿನ ‘ಗುವು’ ಜಾರಿ ‘ಗ’ ಆದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಮೂರನೆಯದು ‘ಪಾವತಿಸಲಾಗುವುದಿಲ್ಲ’. ಇದಕ್ಕೆ ಕೊಡುವುದಿಲ್ಲ ಎಂಬ ಅರ್ಥವೂ ಇದೆ, ಕೊಡಲು ಸಾಧ್ಯವಿಲ್ಲ ಎಂಬ ಅರ್ಥವೂ ಇದೆ. ಒಂದು ನಿರಾಕರಣೆ, ಇನ್ನೊಂದು ಅಸಹಾಯಕತೆ. ವ್ಯವಹಾರದಲ್ಲಿ ಎರಡಕ್ಕೂ ಬರುವ ಉತ್ತರ ಬೇರೆ. ಈ ಮೂರನ್ನೂ ಕೈಬಿಟ್ಟು ‘ಪಾವತಿಸುತ್ತೇವೆ’, ‘ಪಾವತಿಸುವುದಿಲ್ಲ’, ‘ಪಾವತಿಸಲು ಸಾಧ್ಯವಾಗುತ್ತಿಲ್ಲ’ ಎಂದು ಬರೆದರೆ ಗೊಂದಲಕ್ಕೆ ಜಾಗವೇ ಇಲ್ಲ.

‘ಎಲ್ಲ ಪೆಟ್ಟಿಗೆಗಳು ತಲುಪಿಲ್ಲ.’ ಕೆಲವು ತಲುಪಿವೆಯೋ, ಒಂದೂ ತಲುಪಿಲ್ಲವೋ? ‘ಎಲ್ಲ’ ಮತ್ತು ‘ಇಲ್ಲ’ ಒಂದೇ ವಾಕ್ಯದಲ್ಲಿ ಜೊತೆಯಾದರೆ ಸಂಖ್ಯೆ ಹಾಕಿ: ‘20ರಲ್ಲಿ 14 ಪೆಟ್ಟಿಗೆಗಳು ತಲುಪಿವೆ, 6 ಬಂದಿಲ್ಲ.’

‘ನೀವು ತಿಳಿಸಿದಂತೆ ಸರಕು ಹಾಳಾಗಿರಲಿಲ್ಲ.’ ಇದನ್ನು ಎರಡು ಸಲ ಓದಿ. ಸರಕು ಹಾಳಾಗಿಲ್ಲ ಎಂದು ನೀವು ತಿಳಿಸಿದ್ದಿರಿ, ಅದು ನಿಜ ಎಂದು ಒಪ್ಪಿದಂತೆ ಕೇಳುತ್ತದೆ. ಹಾಳಾಗಿದೆ ಎಂದು ನೀವು ತಿಳಿಸಿದ್ದಿರಿ, ಅದು ಸುಳ್ಳು ಎಂದು ಅಲ್ಲಗಳೆದಂತೆಯೂ ಕೇಳುತ್ತದೆ. ‘ಅಂತೆ’ಯ ನಂತರ ‘ಇಲ್ಲ’ ಬಂದರೆ ಹೀಗಾಗುತ್ತದೆ. ಒಡೆದು ಬರೆಯಿರಿ: ‘ಸರಕು ಹಾಳಾಗಿದೆ ಎಂದು ನೀವು ತಿಳಿಸಿದ್ದೀರಿ. ನಾವು ಪರಿಶೀಲಿಸಿದಾಗ ಹಾಳಾಗಿರಲಿಲ್ಲ.’

ಯಾವ ಕ್ರಿಯಾಪದ ಆರಿಸಿದ್ದೀರಿ ಎಂಬುದನ್ನೂ ನೋಡಿ. ‘ನಿಮ್ಮ ಪತ್ರವನ್ನು ಸ್ವೀಕರಿಸಿಲ್ಲ’ ಎಂದರೆ ಬಂದಿಲ್ಲ ಎಂದಷ್ಟೇ ಹೇಳಲು ಹೊರಟವರು, ಬಂದರೂ ತೆಗೆದುಕೊಳ್ಳಲಿಲ್ಲ ಎಂಬ ಅರ್ಥ ಕೊಡುತ್ತಾರೆ. ‘ನಿಮ್ಮ ಪತ್ರ ನಮಗೆ ತಲುಪಿಲ್ಲ’ ಎಂದರೆ ಮುಗಿಯಿತು.

ಲಕ್ಷಣ: ಇಬ್ಬರು ಓದಿದರೆ ಎರಡು ಅರ್ಥ

ಇದಕ್ಕೆ ಬರೆದವರ ಕಣ್ಣು ಸಾಲದು, ಇನ್ನೊಬ್ಬರು ಬೇಕು. ವಿಷಯ ಗೊತ್ತಿಲ್ಲದ ಸಹೋದ್ಯೋಗಿಗೆ ಪತ್ರ ಕೊಟ್ಟು ‘ಅರ್ಥವಾಯಿತಾ?’ ಎಂದು ಕೇಳಬೇಡಿ, ಎಲ್ಲರೂ ಹೂಂ ಎನ್ನುತ್ತಾರೆ. ‘ಈ ಪತ್ರ ಬಂದರೆ ನೀವು ಏನು ಮಾಡುತ್ತೀರಿ?’ ಎಂದು ಕೇಳಿ. ಉತ್ತರ ನಿಮ್ಮ ಉದ್ದೇಶಕ್ಕೆ ಹೊಂದದಿದ್ದರೆ ದೋಷ ಪತ್ರದಲ್ಲಿದೆ, ಸಹೋದ್ಯೋಗಿಯಲ್ಲಿ ಅಲ್ಲ.

ಮೊದಲು ನೋಡಬೇಕಾದದ್ದು ನಾಮಪದದ ಮುಂದೆ ಕೂತ ವಿಶೇಷಣ. ‘ನೀವು ಕಳುಹಿಸಿದ ಸರಕಿನ ಪಟ್ಟಿ’ ಎಂಬಲ್ಲಿ ಕಳುಹಿಸಿದ್ದು ಸರಕನ್ನೋ ಪಟ್ಟಿಯನ್ನೋ? ‘ಹೊಸ ಯಂತ್ರದ ಬಿಡಿಭಾಗಗಳು’ ಎಂಬಲ್ಲಿ ಹೊಸದು ಯಾವುದು? ವಿಶೇಷಣವನ್ನು ಅದಕ್ಕೆ ಸೇರಿದ ಪದದ ಪಕ್ಕಕ್ಕೇ ಸರಿಸಿ: ‘ಯಂತ್ರದ ಹೊಸ ಬಿಡಿಭಾಗಗಳು’, ‘ಸರಕಿನ ಬಗ್ಗೆ ನೀವು ಕಳುಹಿಸಿದ ಪಟ್ಟಿ’. ‘ಹಳೆಯ ಬಿಲ್‌ಗಳು ಮತ್ತು ರಶೀದಿಗಳು’ ಎಂದರೆ ರಶೀದಿಗಳೂ ಹಳೆಯವೇ ಎಂಬ ಪ್ರಶ್ನೆ ಏಳುತ್ತದೆ. ರಶೀದಿಯನ್ನು ಮುಂದೆ ತನ್ನಿ: ‘ರಶೀದಿಗಳು ಮತ್ತು ಹಳೆಯ ಬಿಲ್‌ಗಳು’.

‘ಮಾತ್ರ’ ತನ್ನ ಎಡಗಡೆಯ ಪದಕ್ಕೆ ಅಂಟಿಕೊಳ್ಳುತ್ತದೆ. ‘ಸೋಮವಾರ ಮಾತ್ರ ಸರಕು ಇಳಿಸಿಕೊಳ್ಳುತ್ತೇವೆ’, ‘ಸೋಮವಾರ ಸರಕು ಮಾತ್ರ ಇಳಿಸಿಕೊಳ್ಳುತ್ತೇವೆ’. ಎರಡನೆಯದನ್ನು ನಂಬಿದ ಲಾರಿ ಮಂಗಳವಾರವೂ ಬಂದು ನಿಲ್ಲುತ್ತದೆ.

ಇನ್ನು ‘ನಾವು’. ಎದುರಿನವರನ್ನು ಸೇರಿಸಿಕೊಂಡು ಹೇಳುವ ನಾವು, ಅವರನ್ನು ಬಿಟ್ಟು ಹೇಳುವ ನಾವು ಎಂಬ ಭೇದ ಇಂದಿನ ಕನ್ನಡದಲ್ಲಿಲ್ಲ. ಹಿಂದಿನ ಪ್ಯಾರಾದಲ್ಲಿ ‘ನಾವು’ ಎಂದರೆ ನಮ್ಮ ಸಂಸ್ಥೆ, ಮುಂದಿನದರಲ್ಲಿ ‘ನಾವು ಭರಿಸಬೇಕಾದ ವೆಚ್ಚ’ ಎಂದರೆ ಇಬ್ಬರೂ ಸೇರಿ ಎಂದಾದರೆ, ಓದುವವರು ತಮಗೆ ಅನುಕೂಲವಾದದ್ದನ್ನೇ ಆರಿಸಿಕೊಳ್ಳುತ್ತಾರೆ. ‘ನೀವು ಮತ್ತು ನಾವು ಸಮವಾಗಿ’ ಎಂದು ಬಿಡಿಸಿ ಹೇಳಿ. ‘ವ್ಯವಸ್ಥಾಪಕರು ಸಹಿ ಮಾಡಬೇಕು’ ಎಂಬಲ್ಲಿಯೂ ಗೌರವದ ಬಹುವಚನ ಲೆಕ್ಕವನ್ನು ಮುಚ್ಚಿಡುತ್ತದೆ. ಒಬ್ಬರಾದರೆ ಹುದ್ದೆಯನ್ನು ಪೂರ್ತಿ ಬರೆಯಿರಿ, ಹೆಚ್ಚಿದ್ದರೆ ‘ಇಬ್ಬರು ವ್ಯವಸ್ಥಾಪಕರು’ ಎನ್ನಿ.

ಲಕ್ಷಣ: ಗಡುವಿನ ಬಗ್ಗೆ ತಕರಾರು

‘31ರವರೆಗೆ’ ಎಂದರೆ 31 ಸೇರಿತೋ ಇಲ್ಲವೋ ಎಂಬ ವಾದ ಎಂದೂ ಮುಗಿಯುವುದಿಲ್ಲ. ‘31ರೊಳಗೆ’ ಎಂದರೂ ಅಷ್ಟೇ. ‘31 ಸೇರಿದಂತೆ’ ಎಂದೋ ‘31ರ ಸಂಜೆ 5 ಗಂಟೆಯೊಳಗೆ’ ಎಂದೋ ಹಾಕಿ. ‘15 ದಿನಗಳಲ್ಲಿ’ ಎಂದರೆ ಪತ್ರದ ದಿನಾಂಕದಿಂದಲೋ, ಪತ್ರ ಕೈಸೇರಿದ ದಿನದಿಂದಲೋ ಹೇಳಿ. ‘03-04’ ಎಂದು ಬರೆದು ತಿಂಗಳನ್ನು ಊಹಿಸಲು ಬಿಡಬೇಡಿ, ತಿಂಗಳ ಹೆಸರು ಬರೆಯಿರಿ. ‘ಕಳುಹಿಸುತ್ತೇವೆ’ ಎಂಬ ರೂಪ ವಾಡಿಕೆಯನ್ನೂ ಹೇಳುತ್ತದೆ, ಮುಂದಾಗುವುದನ್ನೂ ಹೇಳುತ್ತದೆ. ಪಕ್ಕದಲ್ಲಿ ದಿನ ಇದ್ದರೆ ಮಾತ್ರ ಅದು ಭರವಸೆ.

ಲಕ್ಷಣ: ‘ಒಂದೊಂದು ಪದವೂ ಗೊತ್ತು, ವಾಕ್ಯ ಮಾತ್ರ ಗೊತ್ತಾಗುತ್ತಿಲ್ಲ’

‘ನಿಮ್ಮ ಶೀಘ್ರ ಪ್ರತಿಕ್ರಿಯೆಯು ಹೆಚ್ಚು ಶ್ಲಾಘಿಸಲ್ಪಡುತ್ತದೆ.’ ‘ದಯವಿಟ್ಟು ಲಗತ್ತಿಸಲಾದ ಪಟ್ಟಿಯನ್ನು ಕಂಡುಕೊಳ್ಳಿ.’ ‘ಯಾವ ಒಪ್ಪಂದಕ್ಕೆ ನಾವು ಸಹಿ ಮಾಡಿದ್ದೇವೆಯೋ ಮತ್ತು ಯಾವುದು ಈಗ ಜಾರಿಯಲ್ಲಿದೆಯೋ ಅದು…’ ಇವು ಇಂಗ್ಲಿಷಿನಲ್ಲಿ ಹುಟ್ಟಿ ಕನ್ನಡ ಲಿಪಿ ತೊಟ್ಟ ವಾಕ್ಯಗಳು. ಗುರುತಿಸಲು ಸುಲಭ ಉಪಾಯ: ಅದೇ ಮಾತನ್ನು ಫೋನಿನಲ್ಲಿ ಹೇಳಬೇಕಾಗಿದ್ದರೆ ಹೇಗೆ ಹೇಳುತ್ತಿದ್ದಿರಿ? ‘ಬೇಗ ಉತ್ತರ ಕೊಟ್ಟರೆ ಅನುಕೂಲವಾಗುತ್ತದೆ.’ ‘ಪಟ್ಟಿ ಈ ಪತ್ರದ ಜೊತೆಗಿದೆ.’ ‘ನಾವು ಸಹಿ ಮಾಡಿದ, ಈಗ ಜಾರಿಯಲ್ಲಿರುವ ಒಪ್ಪಂದ.’ ಬಾಯಿಗೆ ಬಂದ ಮಾತನ್ನು ಹಾಗೇ ಇಳಿಸಿ, ಆಡುಮಾತಿನ ತುದಿಗಳನ್ನಷ್ಟೇ ಸರಿಪಡಿಸಿ.

ಇಂಥ ಪತ್ರಕ್ಕೆ ತೇಪೆ ಹಾಕಲು ಹೋಗಬೇಡಿ. ಹತ್ತರಲ್ಲಿ ಮೂರು ವಾಕ್ಯ ಹೀಗಿದ್ದರೆ ಪೂರ್ತಿ ಹೊಸದಾಗಿ ಬರೆಯುವುದೇ ಬೇಗ ಮುಗಿಯುವ ಕೆಲಸ. ಮೂಲ ಇಂಗ್ಲಿಷ್ ಪತ್ರ ಇದ್ದರೆ ಅದನ್ನು ಓದಿ, ಮುಚ್ಚಿಟ್ಟು, ಆಮೇಲೆ ಬರೆಯಿರಿ.

ಎಲ್ಲಿ ಕೈ ನಿಲ್ಲಿಸಬೇಕು

ವಾಕ್ಯಕ್ಕೆ ಎರಡು ಅರ್ಥ ಬರುತ್ತಿದ್ದು, ಆ ಎರಡರ ನಡುವೆ ಹಣವೋ ಹೊಣೆಯೋ ಬದಲಾಗುತ್ತಿದ್ದರೆ, ಯಾವ ಅರ್ಥ ಸರಿ ಎಂದು ನೀವೇ ತೀರ್ಮಾನಿಸಬೇಡಿ. ಸಹಿ ಹಾಕುವವರನ್ನು ಕೇಳಿ. ವ್ಯಾಕರಣ ಬಲ್ಲವರು ಇಲ್ಲೇ ಎಡವುವುದು. ಚೆಂದವಾಗಿ ತಿದ್ದುತ್ತಾರೆ, ಮಾತು ಮಾತ್ರ ಬೇರೆಯಾಗಿರುತ್ತದೆ.

ಒಪ್ಪಂದದಿಂದ ಎತ್ತಿಕೊಂಡ ಸಾಲುಗಳನ್ನು ಮುಟ್ಟಬೇಡಿ, ಎಷ್ಟೇ ತೊಡಕಾಗಿದ್ದರೂ. ಉದ್ಧರಣ ಚಿಹ್ನೆಯೊಳಗೆ ಹಾಗೇ ಇಟ್ಟು, ಕೆಳಗೆ ಸರಳ ವಾಕ್ಯದಲ್ಲಿ ನಿಮ್ಮ ಮಾತು ಬರೆಯಿರಿ. ಒಪ್ಪಂದ ರದ್ದತಿ, ಸಾಲದ ಒಪ್ಪಿಗೆ, ಪರಿಹಾರದ ಬೇಡಿಕೆ, ಕೆಲಸದಿಂದ ತೆಗೆಯುವ ಸೂಚನೆ, ಇಂಥ ಪತ್ರಗಳನ್ನು ವಕೀಲರು ನೋಡದೆ ಕಳುಹಿಸಬೇಡಿ. ಅಲ್ಲಿ ‘ಬಹುದು’ ಮತ್ತು ‘ಬೇಕು’ ನಡುವಿನ ಅಂತರವೇ ಪ್ರಕರಣವಾಗುತ್ತದೆ. ಪತ್ರ ಎರಡು ಭಾಷೆಗಳಲ್ಲಿ ಹೋಗುತ್ತಿದ್ದರೆ ಒಂದನ್ನು ತಿದ್ದಿದ ಕೂಡಲೇ ಇನ್ನೊಂದನ್ನೂ ಪಕ್ಕದಲ್ಲಿಟ್ಟು ನೋಡಿ.

ಪತ್ರ ಆಗಲೇ ಹೋಗಿಬಿಟ್ಟಿದ್ದರೆ

ಫೋನಿನಲ್ಲಿ ವಿವರಿಸಿ ಸುಮ್ಮನಾಗಬೇಡಿ, ಕಡತದಲ್ಲಿ ಉಳಿಯುವುದು ಹಳೆಯ ವಾಕ್ಯವೇ. ತಿದ್ದಿದ ಪತ್ರವನ್ನು ಹಳೆಯ ಸಂಖ್ಯೆ, ಹಳೆಯ ದಿನಾಂಕ ಹಾಕಿ ಮತ್ತೆ ಕಳುಹಿಸುವುದೂ ಬೇಡ, ಒಂದೇ ಸಂಖ್ಯೆಯ ಎರಡು ಪತ್ರಗಳು ಒಂದರ ವಿರುದ್ಧ ಇನ್ನೊಂದು ಸಾಕ್ಷಿ ಹೇಳುತ್ತವೆ. ಹೊಸ ಸಂಖ್ಯೆ, ಹೊಸ ದಿನಾಂಕದಲ್ಲಿ ನಾಲ್ಕು ಸಾಲಿನ ಸ್ಪಷ್ಟೀಕರಣ ಸಾಕು:

‘ನಮ್ಮ ಹಿಂದಿನ ಪತ್ರದ ಎರಡನೇ ಪ್ಯಾರಾದಲ್ಲಿ “ಎಲ್ಲ ಪೆಟ್ಟಿಗೆಗಳು ತಲುಪಿಲ್ಲ” ಎಂದು ಬರೆದಿದ್ದೆವು. ಅದನ್ನು “20ರಲ್ಲಿ 14 ಪೆಟ್ಟಿಗೆಗಳು ತಲುಪಿವೆ, 6 ಬಂದಿಲ್ಲ” ಎಂದು ಓದಿಕೊಳ್ಳಿ. ಪತ್ರದ ಉಳಿದ ಭಾಗದಲ್ಲಿ ಬದಲಾವಣೆ ಇಲ್ಲ. ನಮ್ಮ ವಾಕ್ಯದಿಂದಾದ ಗೊಂದಲಕ್ಕೆ ಕ್ಷಮೆ ಇರಲಿ.’